ಡಿಸೆಂಬರಿನ ಮಾವಿನಹಣ್ಣು

ಡೆಲ್ಫ್ಟ್, ಮೇ ೨೦೨೧

ಅವ್ವ,

ಊಟ ಸರಿಯಾಗಿ ಮಾಡುತ್ತಿದ್ದೇನೆ, ಅದನ್ನೇ ಮತ್ತೆ ಕೇಳಬೇಡ.

ನನ್ನ ಸಂಶೋಧನೆಯ ಚಿತ್ರಗಳ ಬಗ್ಗೆ ಹೇಳಿದ್ದೆನಲ್ಲ? ಬ್ರಿಟಿಷರ ಕಾಲದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿದ್ದ ರೈಲ್ವೆ ಎಂಜಿನಿಯರನ ಹೆಂಡತಿ ಕಾರ್ನೀಲಿಯಾ, ಇಲ್ಲಿ ಡೆಲ್ಫ್ಟಿನಲ್ಲಿದ್ದ ತನ್ನ ತಾಯಿಗೆ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಿದ್ದ ಚಿತ್ರಗಳು ಅವು. ಪ್ಲೇಗಿಗೆ ಹೆದರಿ ಊರೇ ಖಾಲಿಯಾಗಿದ್ದ ಡಿಸೆಂಬರಿನಲ್ಲಿ ಆಕೆ ಗಿಜಿಗುಡುವ ಸಂತೆಯ ಚಿತ್ರ ಬರೆದಿದ್ದಾಳೆ. ಕಣ್ಣಾರೆ ಕಂಡು ಬರೆದದ್ದೆಂದು ನಮ್ಮ ಪ್ರೊಫೆಸರರು ಮೆಚ್ಚುತ್ತಾರೆ. ನನಗೆ ನಂಬಿಕೆಯಿಲ್ಲ. ಸಂತೆಯಲ್ಲಿ ಮಾವಿನಹಣ್ಣಿನ ರಾಶಿಯಿದೆ. ಡಿಸೆಂಬರಿನಲ್ಲಿ ಮಾವು ಎಲ್ಲಿಂದ ಬರಬೇಕು? ತಾಯಿ ಗಾಬರಿಯಾಗಬಾರದೆಂದು ಬೇಸಿಗೆಯ ಸಂತೆಯನ್ನು ನೆನಪಿನಿಂದ ಬರೆದು ಕಳಿಸಿದ್ದಾಳೆ.

ನಿನ್ನೆ ನೀನು ಫೋಟೋ ಕಳಿಸಿ, "ನಿಮ್ಮಪ್ಪಗ ಕೊರೋನಾ ವಾಸಿ ಆಗೇತಿ, ಆರಾಮ ಅದಾರ. ಇವತ್ತ ತಗದ ಫೋಟೋ" ಎಂದೆ. ಅದರಲ್ಲಿ ಅಪ್ಪ ಕಟ್ಟೆಯ ಮೇಲೆ ಕೂತು ಹಸಿ ಕಡಲೆ ಸುಲಿಯುತ್ತಿದ್ದಾರೆ.

ಹಸಿ ಕಡಲೆ ಬರುವುದು ಸಂಕ್ರಾಂತಿ ಹೊತ್ತಿಗೆ, ಅವ್ವ. ಇದು ಮೇ ತಿಂಗಳು. ಕಾರ್ನೀಲಿಯಾಳ ತಾಯಿ ಹುಬ್ಬಳ್ಳಿ ನೋಡಿರಲಿಲ್ಲ. ನಾನು ಅಲ್ಲೇ ಹುಟ್ಟಿದವಳು.

ಇನ್ನೊಂದು ಫೋಟೋ ಕಳಿಸಬೇಡ. ಈ ಮೆಸೇಜು ಓದಿದ ಕೂಡಲೇ ವಿಡಿಯೋ ಕಾಲ್ ಮಾಡು. ಅಪ್ಪನಿಗೆ ಮಾತಾಡಲು ಆಗದಿದ್ದರೂ ಸರಿ, ಮುಖ ತೋರಿಸು.

ಫೋನು ಕೈಯಲ್ಲೇ ಹಿಡಿದು ಕೂತಿರುವ,
ಧನುಶ್ರೀ