ಅಕ್ಕನಿಗೆ ಒಂದು ಗಂಟೆಯ ತರಗತಿ

ಅರಸೀಕೆರೆ, ಶುಕ್ರವಾರ

ಕಾಂತಕ್ಕನಿಗೆ ನಮಸ್ಕಾರ.

ಭಾವನ ಮಣ್ಣಿಗೆ ನಾನು ಬರಲಿಲ್ಲವೆಂದು ನೀನು ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ದೆಹಲಿಯಲ್ಲಿ ಆಡಿಟ್ ಇತ್ತು ಎಂದಿದ್ದೆ. ಅದು ಸುಳ್ಳು. ನಾನಿದ್ದದ್ದು ಗುಪ್ತಚರ ಇಲಾಖೆಯಲ್ಲಿ. ನಮ್ಮೊಳಗೆ ಸೇರಿಕೊಂಡ ಬೇಹುಗಾರರನ್ನು ಹಿಡಿಯುವುದು ನನ್ನ ಕೆಲಸ. ಆ ವಾರ ಎಲ್ಲಿದ್ದೆನೆಂದು ಈಗಲೂ ಹೇಳುವಂತಿಲ್ಲ. ಸುದ್ದಿ ನನಗೆ ತಲುಪಿದ್ದೇ ಹನ್ನೊಂದನೆಯ ದಿನ.

ನಿವೃತ್ತನಾಗಿ ಈಗ ಇಲ್ಲಿನ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದೇನೆ, ಅದೇ ವಿಷಯದ ಪಾಠ. ಮೊನ್ನೆ ಗಾನವಿ ಎಂಬ ವಿದ್ಯಾರ್ಥಿನಿ, “ಸರ್, ನಿಮ್ಮ ಸುಳ್ಳನ್ನ ಯಾರಾದ್ರೂ ಹಿಡಿದಿದ್ರಾ?” ಎಂದು ಕೇಳಿದಳು. ಗಂಡಸಿ ಊರಿನ ನಮ್ಮಕ್ಕ ಹಿಡಿದಿದ್ದಳು ಎಂದೆ. ಒಂದು ಜನವರಿಯಲ್ಲಿ ದೆಹಲಿಯಿಂದ ಬಂದೆ ಎಂದಾಗ ನೀನು ಬಿಸಿಲಿಗೆ ಕಪ್ಪಾದ ನನ್ನ ಕತ್ತು ನೋಡಿ, “ಡೆಲ್ಲಿ ಚಳಿಗೆ ಕತ್ತು ಸುಡ್ತೈತೇನೋ?” ಅಂದಿದ್ದೆ. ಮೂವತ್ತು ವರ್ಷದಲ್ಲಿ ಹಾಗೆ ಹಿಡಿದವಳು ನೀನೊಬ್ಬಳೇ.

ತರಗತಿಯ ಮಕ್ಕಳು ನಿನ್ನನ್ನು ನೋಡಿ ಪ್ರಶ್ನೆ ಕೇಳಬೇಕಂತೆ. ಬುಧವಾರ ಹನ್ನೊಂದಕ್ಕೆ ತರಗತಿ. ಒಂಬತ್ತರ ಬಸ್ಸಿಗೆ ಬಾ, ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಪಾಠವಾದ ಮೇಲೆ ನನ್ನನ್ನೂ ಏನು ಬೇಕಾದರೂ ಕೇಳು. ಹೇಳಬಾರದ್ದಿದ್ದರೆ ಹೇಳಬಾರದು ಎನ್ನುತ್ತೇನೆ. ಆಡಿಟ್ ಇತ್ತು ಎನ್ನುವುದಿಲ್ಲ.

ನಿನ್ನ ತಮ್ಮ
ಮಹೇಶ್ವರ