ಅವತ್ತು ಗಾಡಿಯಿಂದ ಇಳಿದದ್ದು

ಭಾನುವಾರ, ಮಧ್ಯಾಹ್ನ

ನನ್ನ ಮಿಂಚು,

ಹೇಗಿದ್ದೀಯೇ? ಈ ಬಾಲಕಿಯರ ಗೃಹದಿಂದ ಮೇಡಂ ಓದದೆ ಒಂದು ಪತ್ರವನ್ನೂ ಹೊರಗೆ ಬಿಡುವುದಿಲ್ಲ. ಆದರೆ ಪಕ್ಕದ ಮಂಚದ ಹುಡುಗಿಗೆ ನಾಳೆ ಬಿಡುಗಡೆ. ಇದನ್ನು ಶೂ ಒಳಗೆ ಇಟ್ಟು ತರುತ್ತಾಳಂತೆ. ವಾಸನೆ ಬಂದರೆ ನನ್ನನ್ನು ಬೈಯಬೇಡ.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಕಲಿಸುತ್ತಾರೆ. ನನ್ನ ಹೊಲಿಗೆ ಹಾವು ಹರಿದ ಹಾಗಿದೆಯೆಂದು ಟೀಚರ್ ನಗುತ್ತಾರೆ.

ನಿನ್ನ ಹೆಸರು ಯಾರಿಗೂ ಹೇಳಿಲ್ಲ. ಗಾಡಿ ಓಡಿಸಿದ್ದು ಯಾರೆಂದು ಸ್ಟೇಷನ್‌ನಲ್ಲಿ ಕೇಳಿ ಕೇಳಿ ಅವರಿಗೇ ಸಾಕಾಯಿತು. “ದಾರೀಲಿ ಸಿಕ್ಕವಳು ಸಾರ್” ಅಂತಲೇ ಕೂತೆ.

ಯಾಕೆ ಇಳಿದೆನೆಂದು ನಿನಗೆ ಸಿಟ್ಟಿರಬೇಕು. ಅಂಗಡಿಗಳಲ್ಲಿ ಲಿಪ್‌ಸ್ಟಿಕ್ ಎಗರಿಸುವಾಗ ಯಾರೂ ಬೀಳುತ್ತಿರಲಿಲ್ಲ, ನೋಡು. ಅವತ್ತು ಬಸ್ ಸ್ಟಾಪಿನಲ್ಲಿ ನಾನು ಬ್ಯಾಗ್ ಎಳೆದಾಗ ಆ ಹೆಂಗಸು ಹಿಡಿದ ಪಟ್ಟಿ ಬಿಡಲಿಲ್ಲ. ಬಿದ್ದವರು ಏಳಲೂ ಇಲ್ಲ. ತಿರುವಿನಲ್ಲಿ ನೀನು ಬ್ರೇಕ್ ಹಾಕಿದ್ದೇ ತಡ, ನನ್ನ ಕಾಲು ತಾನಾಗಿ ನೆಲಕ್ಕಿಳಿಯಿತು. “ಹತ್ತೇ, ಹುಚ್ಚೀ!” ಎಂದು ಕೂಗಿ, ಒಮ್ಮೆ ತಿರುಗಿ ನೋಡಿ, ಹೊರಟುಹೋದೆ ನೀನು. ಹೋಗಿದ್ದು ಸರಿಯೇ. ಇಬ್ಬರೂ ಸಿಕ್ಕಿಬಿದ್ದು ಏನು ಸುಖ?

ಹೋದ ವಾರ ಆ ಹೆಂಗಸು ಇಲ್ಲಿಗೆ ಬಂದಿದ್ದರು. ಕೈಗೆ ಇನ್ನೂ ಪ್ಲಾಸ್ಟರ್. “ಓಡಿಹೋಗಬಹುದಿತ್ತಲ್ಲ, ಯಾಕೆ ವಾಪಸ್ ಬಂದೆ?” ಎಂದರು.

“ನೀವು ಏಳ್ಲೇ ಇಲ್ಲ” ಅಂದೆ.

ಕ್ಷಮಿಸಿದೆ ಅಂತೇನೂ ಅವರು ಹೇಳಲಿಲ್ಲ. ಆದರೆ ನನ್ನ ಸ್ವೆಟರ್ ಅವರ ತಲೆಯಡಿ ಇಟ್ಟು, ಆಂಬುಲೆನ್ಸ್ ಬರುವ ತನಕ ನಾನು ಪಕ್ಕದಲ್ಲೇ ಕೂತಿದ್ದೆನೆಂದು ನ್ಯಾಯಾಧೀಶರಿಗೆ ತಿಳಿಸಿದರಂತೆ. ಹಾಗಾಗಿ ಬರುವ ಶುಕ್ರವಾರ ನನ್ನನ್ನು ಬಿಡುತ್ತಾರೆ.

ಅಮ್ಮ ಒಂದೇ ಸಲ ಬಂದಿದ್ದಳು. ಅವಳ ಹೊಸ ಗಂಡ ಗೇಟಿನಾಚೆ ಹಾರ್ನ್ ಹೊಡೆಯುತ್ತಲೇ ಇದ್ದ. “ಅವರು ಮನೆಗೆ ಸೇರಿಸಲ್ಲ ಕಣೇ, ಸ್ವಲ್ಪ ದಿನ ಹೋಗ್ಲಿ” ಅಂದಳು. ತಲೆ ಸವರಿದಳು. ಮುಖ ಮಾತ್ರ ನೋಡಲಿಲ್ಲ.

ನನಗೆ ನಿನ್ನ ಮೇಲೆ ಕೋಪವಿಲ್ಲ. ನನ್ನನ್ನು ಹುಡುಕಿಕೊಂಡು ಬರಬೇಡ, ನಿನಗೆ ಒಳ್ಳೆಯದಲ್ಲ. ನಾನು ಹೇಗೋ ಇದ್ದುಬಿಡುತ್ತೇನೆ.

ನಿನ್ನ
ಮೊಂಡಿ

ತಾ.ಕ.: ಕರೆದುಕೊಂಡು ಹೋಗಲು ದೊಡ್ಡವರು ಯಾರು ಬರುತ್ತಾರೆಂದು ಮೇಡಂ ಕೇಳಿದರು. ಅಕ್ಕ ಬರುತ್ತಾಳೆ ಅಂದುಬಿಟ್ಟೆ. ನನಗೆ ಅಕ್ಕ ಇಲ್ಲವೆಂದು ನಿನಗೆ ಗೊತ್ತು. ಈ ತಿಂಗಳು ನಿನಗೆ ಹದಿನೆಂಟು ತುಂಬಿತಲ್ಲ. ಹೆಲ್ಮೆಟ್ ಹಾಕಿದ್ದರಿಂದ ನಿನ್ನ ಮುಖವನ್ನು ಯಾರೂ ಕಂಡಿಲ್ಲ. ಶುಕ್ರವಾರ ಬೆಳಿಗ್ಗೆಯೇ ಗೇಟ್ ತೆಗೆಯುತ್ತಾರೆ ಕಣೇ.