ಕಸಿಯ ಗಂಟಿನ ಕೆಳಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಮೊದ್ದು,

ಐವತ್ತು ದಾಟಿದವನನ್ನು ಹೀಗೆ ಕರೆಯಬಾರದೆಂದು ನಿನ್ನ ಹೆಂಡತಿ ಗದರಿದ್ದು ನೆನಪಿದೆ. ಏನು ಮಾಡಲಿ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ನಿನ್ನ ಮೂರು ಕಾಗದಗಳೂ ಮೇಜಿನ ಮೇಲೇ ಇವೆ. ಉತ್ತರಿಸದೆ ಕೂತದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ಹೆದರಿಕೆ, ಅಷ್ಟೇ. ನನ್ನ ಮಂಡಿನೋವು ಹಾಗೇ ಇದೆ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

"ನೀನು ಲ್ಯಾಬಿಂದ ತಂದುಕೊಟ್ಟ ಹಿತ್ತಲಿನ ಗಿಡ ಹೂ ಬಿಟ್ಟಿದೆ ಅಕ್ಕಾ, ಅಪ್ಪನ ಕಿತ್ತಳೆ ಯಾವಾಗ ತಿನ್ನೋದು?" ಎಂದು ಕೇಳಿದ್ದೀಯ. ತಿನ್ನುವುದಿಲ್ಲ ಕಣೋ. ಅದು ಅಪ್ಪನ ಕಿತ್ತಳೆಯಲ್ಲ.

ಆ ತಳಿ ಇನ್ನೆಲ್ಲೂ ಉಳಿದಿರಲಿಲ್ಲ. ಇದ್ದದ್ದು ನಿನ್ನ ಹಿತ್ತಲಿನ ಒಂದೇ ಮರ, ಅದೂ ಕಾಂಡ ಕೊಳೆತು ಅರ್ಧ ಒಣಗಿತ್ತು. ಚಿಗುರಿನ ತುದಿಯಿಂದ ಬಾಟಲಿಯೊಳಗೆ ಗಿಡ ಎಬ್ಬಿಸುವುದು ನನ್ನ ಇಪ್ಪತ್ತಾರು ವರ್ಷದ ಕಸುಬು. ನಾನು ಉಳಿಸುತ್ತೇನೆ ಎಂದು ಎದೆ ತಟ್ಟಿ ಹೊರಟೆ. ಮೇಲಿನ ಕೊಂಬೆಯ ಚಿಗುರು ತಂದರೆ ಬೂಷ್ಟು ಹಿಡಿಯಿತು. ಮತ್ತೆ ತಂದೆ, ಎರಡೇ ದಿನಕ್ಕೆ ಕಂದುಬಣ್ಣಕ್ಕೆ ತಿರುಗಿ ಸತ್ತವು. ಆರು ಸಲ ಇದೇ ಹಾಡು. ಏಳನೇ ಸಲ ಬಂದಾಗ ಬುಡದಲ್ಲಿ ಮಣ್ಣು ಸೀಳಿಕೊಂಡು ಹೊಸ ಚಿಗುರು ಎದ್ದಿದ್ದವು. ಮುಳ್ಳಿದ್ದವು, ಆದರೆ ಕಿತ್ತಳೆಯ ಎಳೆ ಚಿಗುರಿಗೆ ಮುಳ್ಳು ಇದ್ದೇ ಇರುತ್ತದೆ. ಬಾಟಲಿಗೆ ಹಾಕಿದ ವಾರಕ್ಕೇ ಚಿಗುರೊಡೆದವು. ಅವತ್ತು ಲ್ಯಾಬಿನಲ್ಲಿ ಕುಣಿಯುವುದೊಂದು ಬಾಕಿ.

ಅಪ್ಪ ಅದನ್ನು ಕಾಡುನಿಂಬೆಯ ಬುಡಕ್ಕೆ ಕಸಿ ಕಟ್ಟಿದ್ದರು. ನೀನು ಹಿತ್ತಲಿಗೆ ಮಣ್ಣು ತುಂಬಿಸಿದಾಗ ಕಸಿಯ ಗಂಟು ಹೂತುಹೋಯಿತು. ಅದು ನಿನ್ನ ತಪ್ಪಲ್ಲ. ಗಂಟಿನ ಕೆಳಗೆ ಹುಟ್ಟಿದ್ದು ನಿಂಬೆಯೇ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಒಂದು ಗೇಣು ಅಗೆದು ನೋಡಬೇಕಿದ್ದವಳೂ ನಾನೇ. ಬಾಟಲಿಗಳಲ್ಲಿ ಒಂದು ನೂರಾಯಿತು, ನೂರು ಸಾವಿರವಾಯಿತು. ಎಲ್ಲವೂ ನಿಂಬೆ.

ಕಳೆದ ತಿಂಗಳು, ನಮ್ಮಿಂದ ಆ ಸಸಿ ಕೊಂಡಿದ್ದ ತೋಟದವರೊಬ್ಬರು ಬಂದು ಮೂರು ಹಣ್ಣು ನನ್ನ ಮೇಜಿನ ಮೇಲಿಟ್ಟರು. ದಪ್ಪ ಸಿಪ್ಪೆ, ಮೈತುಂಬ ಗಂಟು. "ನಾಲ್ಕು ವರ್ಷ ಮಕ್ಕಳ ಹಾಗೆ ಸಾಕಿದ್ವಿ ಮೇಡಂ. ಇದನ್ನ ಏನ್ ಮಾಡೋದು, ನೀವೇ ಹೇಳಿ" ಎಂದರು. ಅವರೆದುರೇ ಒಂದು ತೊಳೆ ಬಿಡಿಸಿ ಬಾಯಿಗಿಟ್ಟೆ. ನುಂಗಲಾಗಲಿಲ್ಲ. ಉಗುಳಲೂ ಮನಸ್ಸಾಗದೆ ಹಾಗೇ ಕೂತೆ.

ಈಗ ಹಿಂದಿರುಗಿ ಹೋಗೋಣವೆಂದರೆ ಮರವಿಲ್ಲ. ಅದು ಗೋಡೆ ಮೇಲೆ ಬೀಳುವ ಹಾಗಿದೆ, ಕಡಿಸಲಾ ಎಂದು ನೀನು ಕೇಳಿದಾಗ, "ಕಡಿಸೋ, ನನ್ನ ಹತ್ರ ಸಾವಿರ ಇವೆ" ಎಂದೆನಲ್ಲ. ಅಪ್ಪ ಕೈಯಾರೆ ಕಟ್ಟಿದ್ದನ್ನು ಭೂಮಿಯ ಮೇಲಿಂದಲೇ ಇಲ್ಲವಾಗಿಸಿದೆ. ಲ್ಯಾಬಿನಲ್ಲಿ ವಿಚಾರಣೆಯಾಯಿತು. ನನ್ನ ಕೆಲಸಕ್ಕೆ ಕುತ್ತು ಬರಲಿಲ್ಲ.

ಗಿಡ ಕೀಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ದಿನಾ ಪಾತ್ರೆ ತೊಳೆದ ನೀರು ಹೊತ್ತು ಹಾಕಿದ ನಿನ್ನ ಹೆಂಡತಿಗೆ ನೀನೇ ಮೆತ್ತಗೆ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ನೀನೂ ಚೆನ್ನಾಗಿರು. ಸಿಟ್ಟು ಬಂದರೆ ಬೈದು ಬರಿ, ಬರೆಯದೆ ಮಾತ್ರ ಇರಬೇಡ.

ನಿನ್ನ
ಅಕ್ಕ

ಮರೆತು ಸೇರಿಸುತ್ತಿರುವುದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಲ್ಯಾಬಿನಲ್ಲಿ ಬಾಟಲಿ ತೊಳೆಯುವವಳೊಬ್ಬಳಿದ್ದಳು, ನನ್ನದೇ ವಯಸ್ಸು. ಕೆಟ್ಟ ಬಾಟಲಿಗಳ ಗಿಡ ಕಿತ್ತೆಸೆಯುವುದೂ ಅವಳ ಕೆಲಸ. ಮಾಸ್ಕ್ ಕಟ್ಟಿಕೊಂಡು ಗಾಜಿನ ಹಿಂದೆ ಕೂರುವ ನಮಗೆ ಗಿಡದ ವಾಸನೆ ಗೊತ್ತಿಲ್ಲ. ನೀನು ಮರ ಕಡಿಸುವ ನಾಲ್ಕು ದಿನ ಮುಂಚೆ ಅವಳು ನನ್ನ ಬಾಗಿಲಲ್ಲಿ ನಿಂತು, "ಮೇಡಂ, ಇದನ್ನ ಹೊಸಕಿದ್ರೆ ನಿಂಬೆ ವಾಸನೆ ಬರುತ್ತೆ, ಕಿತ್ತಳೇದಲ್ಲ. ಒಂದ್ಸಲ ಮೂಸಿ ನೋಡಿ" ಎಂದು ಒದ್ದೆ ಕೈ ಚಾಚಿದಳು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ" ಎಂದೆ. ಅವತ್ತು ಸಂಜೆಯೇ ನಿನಗೆ ಫೋನಿನಲ್ಲಿ ಕಡಿಸು ಎಂದದ್ದು.

ವಿಚಾರಣೆಯಲ್ಲಿ, ತೊಳೆಯುವ ಕೋಣೆಯಲ್ಲಿ ಬಾಟಲಿಗಳ ಹೆಸರಿನ ಚೀಟಿಗಳು ಅದಲುಬದಲಾಗಿರಬೇಕು ಎಂದು ಬರೆದುಕೊಟ್ಟೆ. ಅವಳನ್ನು ಕೆಲಸದಿಂದ ತೆಗೆದರು. ಬೀಗದ ಕೈ ಒಪ್ಪಿಸಲು ಬಂದವಳು ಜಗಳವಾಡಲಿಲ್ಲ. "ಅವತ್ತು ನಾನು ಹೇಳಿದ್ದು ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ, ಅಲ್ವಾ ಮೇಡಂ?" ಎಂದಳು.

ಹೌದು, ಕೇಳಿಸಲಿಲ್ಲ ಎಂದುಬಿಟ್ಟೆ.